ಜೆರ್ಸಿ ವಾಪಸು ಕೇಳದ ಊರು

ನಮ್ಮ ಕೊನೆಯ ಅಂತರ ವಿಶ್ವವಿದ್ಯಾಲಯ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ಮುಗಿಸಿ, ಎರಡು ರಾತ್ರಿ ರೈಲಿನಲ್ಲಿ ಕಳೆದು ಊರು ತಲುಪಿದ ಮರುದಿನ ಬೆಳಿಗ್ಗೆ, ದೈಹಿಕ ಶಿಕ್ಷಣ ವಿಭಾಗದ ಉಗ್ರಾಣದ ಮುಂದೆ ನಾವು ಹನ್ನೆರಡು ಹುಡುಗಿಯರು ಸಾಲಾಗಿ ನಿಂತಿದ್ದೆವು. ಒಳಗೆ ಮೇಜಿನ ಮೇಲೆ ಉದ್ದನೆಯ ರಿಜಿಸ್ಟರ್. ಒಬ್ಬೊಬ್ಬರೇ ಹೋಗಿ ಜೆರ್ಸಿ, ಟ್ರ್ಯಾಕ್‌ಸೂಟು ಮಡಿಸಿ ಇಡಬೇಕು. ಉಗ್ರಾಣದವರು ಸಂಖ್ಯೆ ನೋಡಿ ಗುರುತು ಹಾಕುತ್ತಾರೆ, ನಾವು ಸಹಿ ಮಾಡಬೇಕು. ಆಗ ಜೆರ್ಸಿಗಳಿಗೆ ನಾಲ್ಕರಿಂದ ಹದಿನೈದರವರೆಗೆ ಮಾತ್ರ ಸಂಖ್ಯೆ ಇರುತ್ತಿತ್ತು. ಒಂದು, ಎರಡು, ಮೂರು ಬೆರಳುಗಳು ರೆಫರಿಗೆ ಅಂಕ ತೋರಿಸುವುದಕ್ಕೆ ಬೇಕಲ್ಲ, ಅದಕ್ಕೆ. ನನ್ನದು ಒಂಬತ್ತು. ಹಿಂದಿನ ರಾತ್ರಿ ಒಗೆದು ಹಾಸ್ಟೆಲ್ ಕಿಟಕಿಯ ಸರಳಿಗೆ ಹರವಿದ್ದರೂ ಕಂಕುಳ ಬಳಿ ಇನ್ನೂ ಹಸಿಯಿತ್ತು. ಮೇಜಿನ ಮೇಲೆ ಇಟ್ಟೆ, ಸಹಿ ಮಾಡಿದೆ, ಹೊರಗೆ ಬಂದೆ. ನನಗೆ ಇಪ್ಪತ್ತೊಂದು ವರ್ಷ. ನನ್ನ ಆಟ ಅಂದು ಬೆಳಿಗ್ಗೆ ಹತ್ತೂಕಾಲಿಗೆ ಮುಗಿಯಿತು.

ಇದರಲ್ಲಿ ಯಾರ ತಪ್ಪೂ ಇರಲಿಲ್ಲ. ಜೆರ್ಸಿ ವಿಶ್ವವಿದ್ಯಾಲಯದ್ದು, ಮುಂದಿನ ವರ್ಷ ಇನ್ನೊಬ್ಬ ಹುಡುಗಿಗೆ ಬೇಕು. ಆದರೆ ಆ ಎದೆಯ ಮೇಲಿನ ಹೆಸರು ನನ್ನದು ಎಂದು ಮೂರು ವರ್ಷ ನಂಬಿದ್ದೆ. ಪರೀಕ್ಷೆ ಮುಗಿದ ಕೂಡಲೇ ಅದು ನನ್ನದಾಗಿ ಉಳಿಯಲಿಲ್ಲ. ಮುಂದೆ ಮೂವತ್ತು ವರ್ಷ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣ ನಿರ್ದೇಶಕಿಯಾಗಿ ಅದೇ ರಿಜಿಸ್ಟರ್ ಇಟ್ಟುಕೊಂಡು ನಾನೇ ಜೆರ್ಸಿಗಳನ್ನು ಎಣಿಸಿ ಒಳಗಿಟ್ಟಿದ್ದೇನೆ. ಪ್ರತಿ ಸಲವೂ ಮಕ್ಕಳ ಮುಖ ನೋಡುವುದು ಕಷ್ಟವಾಗುತ್ತಿತ್ತು.

ಇಂದು ನಾನು ಹೇಳಬೇಕೆಂದಿರುವುದು ಒಂದು ದೂರದ ಊರಿನ ತಂಡದ ಕಥೆ. ಅದರ ಎದೆಯ ಮೇಲೆ ವಿಶ್ವವಿದ್ಯಾಲಯದ ಹೆಸರಿದೆ. ಆದರೆ ಅದು ನಮ್ಮ ಅರ್ಥದ ವಿದ್ಯಾರ್ಥಿ ತಂಡವಲ್ಲ. ಆಟಗಾರರಿಗೆ ಸಂಬಳವಿದೆ, ಒಪ್ಪಂದವಿದೆ, ಹೊರದೇಶದಿಂದ ಬಂದ ಆಟಗಾರರಿದ್ದಾರೆ, ಟಿಕೆಟ್ ಕೊಂಡು ನೋಡುವ ಜನರಿದ್ದಾರೆ. ಎಸ್ಟೋನಿಯಾ ದೇಶದ ತಾರ್ತು ಎಂಬ ಊರಿನ ಬ್ಯಾಸ್ಕೆಟ್‌ಬಾಲ್ ತಂಡ ಅದು. ಹೆಸರೇ ತಾರ್ತು ಯುಲಿಕೋಲ್, ಅಂದರೆ ತಾರ್ತು ವಿಶ್ವವಿದ್ಯಾಲಯ.

ಭೂಪಟದಲ್ಲಿ ಎಸ್ಟೋನಿಯಾ ಎಲ್ಲಿದೆ ಎಂದು ಹುಡುಕುವವರಿಗೆ ಒಂದು ಗುರುತು ಹೇಳುತ್ತೇನೆ. ಬಾಲ್ಟಿಕ್ ಸಮುದ್ರದ ಪೂರ್ವ ದಂಡೆ, ಮೇಲೆ ಫಿನ್ಲೆಂಡ್, ಕೆಳಗೆ ಲಾಟ್ವಿಯಾ, ಬಲಕ್ಕೆ ರಷ್ಯಾ. ಇಡೀ ದೇಶದ ಜನಸಂಖ್ಯೆ 14 ಲಕ್ಷ ದಾಟುವುದಿಲ್ಲ. ನಮ್ಮ ಮೈಸೂರು ಜಿಲ್ಲೆಯ ಅರ್ಧದಷ್ಟೂ ಇಲ್ಲ. ಅದರಲ್ಲಿ ತಾರ್ತು ಎರಡನೆಯ ದೊಡ್ಡ ಊರು, ಲಕ್ಷಕ್ಕಿಂತ ಸ್ವಲ್ಪ ಕಡಿಮೆ ಜನ. ಊರಿನ ನಡುವೆ ಎಮಾಯೊಗಿ ಹರಿಯುತ್ತದೆ. ಆ ಹೆಸರಿಗೆ ತಾಯಿ ಹೊಳೆ ಎಂದೇ ಅರ್ಥ. ಪುರಭವನದ ಮುಂದಿನ ಚೌಕದ ಕಾರಂಜಿಯಲ್ಲಿ ನಿಂತಿರುವುದು ರಾಜನ ಪ್ರತಿಮೆಯಲ್ಲ, ಸೇನಾಧಿಪತಿಯದೂ ಅಲ್ಲ. ಕೊಡೆ ಹಿಡಿದು ಮುತ್ತಿಡುತ್ತಿರುವ ಇಬ್ಬರು ವಿದ್ಯಾರ್ಥಿಗಳು. ಊರು ತನ್ನನ್ನು ಹೇಗೆ ಕಂಡುಕೊಂಡಿದೆ ಎಂಬುದು ಅಲ್ಲೇ ತಿಳಿಯುತ್ತದೆ.

ಆ ವಿಶ್ವವಿದ್ಯಾಲಯವನ್ನು 1632ರಲ್ಲಿ ಸ್ವೀಡನ್ನಿನ ರಾಜ ಎರಡನೆಯ ಗುಸ್ತಾವ್ ಅಡಾಲ್ಫ್ ಸ್ಥಾಪಿಸಿದ. ಯುದ್ಧ ಬಂದು 1710ರಲ್ಲಿ ಮುಚ್ಚಿತು. ರಷ್ಯಾದ ಚಕ್ರವರ್ತಿಯ ಕಾಲದಲ್ಲಿ 1802ರಲ್ಲಿ ಮತ್ತೆ ತೆರೆಯಿತು, ಆದರೆ ಪಾಠ ಜರ್ಮನ್ ಭಾಷೆಯಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಊರಿನ ಹೆಸರನ್ನೂ ಪಾಠದ ಭಾಷೆಯನ್ನೂ ರಷ್ಯನ್ನಿಗೆ ಬದಲಿಸಿದರು. ಆ ಊರಿನ ಮಕ್ಕಳ ಮನೆಮಾತು ಎಸ್ಟೋನಿಯನ್. ಅದರಲ್ಲಿ ಪಾಠ ಶುರುವಾದದ್ದು ದೇಶ ಸ್ವತಂತ್ರವಾದ ಮೇಲೆ, 1919ರ ಡಿಸೆಂಬರ್ 1ರಂದು. ಅಂದರೆ ಸ್ಥಾಪನೆಯಾಗಿ 287 ವರ್ಷಗಳಾದ ಮೇಲೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ದಯವಿಟ್ಟು ಸಹಿಸಿಕೊಳ್ಳಿ. ಎಸ್ಟೋನಿಯನ್ ಮಾತನಾಡುವವರು ಜಗತ್ತಿನಲ್ಲಿ ಹತ್ತು ಲಕ್ಷದ ಆಸುಪಾಸು. ಕನ್ನಡವನ್ನು ತಾಯ್ನುಡಿ ಎಂದು 2011ರ ಜನಗಣತಿಯಲ್ಲಿ ಬರೆಸಿದವರು ನಾಲ್ಕು ಕೋಟಿಗೂ ಹೆಚ್ಚು. ಆ ಹತ್ತು ಲಕ್ಷ ಜನ ತಮ್ಮ ಭಾಷೆಯಲ್ಲಿ ವೈದ್ಯಶಾಸ್ತ್ರ ಕಲಿಯುತ್ತಾರೆ, ಗಣಿತ ಕಲಿಯುತ್ತಾರೆ, ಪಿಎಚ್‌.ಡಿ. ಪ್ರಬಂಧವನ್ನೂ ಬರೆಯಬಲ್ಲರು. ಇದನ್ನು ಹೇಳುವಾಗ ನನಗೆ ಹೊಟ್ಟೆಯುರಿಯುತ್ತದೆ, ಸಂತೋಷವೂ ಆಗುತ್ತದೆ. ಇನ್ನೊಂದು ನಂಟು: ಇದೇ ತಾರ್ತುವಿನಲ್ಲಿ 1851ರಲ್ಲಿ ಹುಟ್ಟಿದ ಲಿಯೋಪೋಲ್ಡ್ ಫಾನ್ ಶ್ರೋಡರ್ ಎಂಬ ವಿದ್ವಾಂಸರು ಅದೇ ವಿಶ್ವವಿದ್ಯಾಲಯದಲ್ಲಿ ಸಂಸ್ಕೃತ ಕಲಿಸಿದರು, ಮೈತ್ರಾಯಣೀ ಸಂಹಿತೆಯನ್ನು ಸಂಪಾದಿಸಿದರು. ಹಿಮ ಬೀಳುವ ಊರಿನಲ್ಲಿ ಕುಳಿತು ಯಜುರ್ವೇದದ ಪಾಠಾಂತರಗಳನ್ನು ಹೋಲಿಸಿ ನೋಡಿದವರು ಅವರು.

ಭಾಷೆಯ ಮಾತು ತೆಗೆದದ್ದಕ್ಕೆ ಕಾರಣವಿದೆ. ಯುಲಿಕೋಲ್ ಎಂಬುದು ಆ ಭಾಷೆಯದೇ ಪದ. ‘ಕೋಲ್’ ಎಂದರೆ ಶಾಲೆ, ‘ಯುಲಿ’ ಎಂದರೆ ಮೇಲಿನದು. ಮೇಲ್ಶಾಲೆ ಎನ್ನಬಹುದು. ಹೆಚ್ಚಿನ ದೇಶಗಳಂತೆ ‘ಯೂನಿವರ್ಸಿಟಿ’ಯ ರೂಪವೊಂದನ್ನು ಎರವಲು ತರದೆ ತಮ್ಮ ಮಾತಿನಲ್ಲೇ ಕಟ್ಟಿಕೊಂಡ ಹೆಸರು. ಆ ಹೆಸರನ್ನು ಎದೆಯ ಮೇಲೆ ಹಾಕಿಕೊಂಡು ಓಡುವುದೆಂದರೆ ಅಲ್ಲಿನವರಿಗೆ ಒಂದು ಸಂಸ್ಥೆಯ ಜಾಹೀರಾತು ಹೊತ್ತಂತಲ್ಲ.

ಈಗ ಆಟಕ್ಕೆ ಬರೋಣ. ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು 1891ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ಎಂಬ ಕ್ರೈಸ್ತ ಯುವಕರ ಸಂಘದ ತರಬೇತಿ ಶಾಲೆಯಲ್ಲಿ. ಚಳಿಗಾಲದಲ್ಲಿ ಹೊರಗೆ ಆಡಲಾಗದ ಹುಡುಗರಿಗಾಗಿ ಜೇಮ್ಸ್ ನೈಸ್ಮಿತ್ ಕಟ್ಟಿದ ಆಟ. ಅಲ್ಲಿಂದ ಅದು ವೈಎಂಸಿಎ ಜೊತೆಗೇ ಜಗತ್ತು ಸುತ್ತಿತು. ಮದ್ರಾಸಿನಲ್ಲಿ ಹ್ಯಾರಿ ಕ್ರೋ ಬಕ್ ದೈಹಿಕ ಶಿಕ್ಷಣದ ಕಾಲೇಜು ತೆರೆದದ್ದು 1920ರಲ್ಲಿ. ನಮ್ಮ ಹಳೆಯ ತಲೆಮಾರಿನ ದೈಹಿಕ ಶಿಕ್ಷಣದ ಗುರುಗಳಲ್ಲಿ ಎಷ್ಟೋ ಜನ ಅಲ್ಲಿ ತರಬೇತಿ ಪಡೆದು ಬಂದವರು. ಹೆಚ್ಚು ಕಡಿಮೆ ಅದೇ ಹೊತ್ತಿಗೆ ವೈಎಂಸಿಎಯವರೇ ಎಸ್ಟೋನಿಯಾಕ್ಕೂ ಚೆಂಡು ತೆಗೆದುಕೊಂಡು ಹೋದರು. ಅವರಿಗೂ ನಮಗೂ ಆಟ ಒಂದೇ ಕಾಲದಲ್ಲಿ, ಒಂದೇ ಮನೆಯಿಂದ ಬಂತು.

ಅವರು ಅದನ್ನು ಎಷ್ಟು ಬೇಗ ತಮ್ಮದು ಮಾಡಿಕೊಂಡರು ನೋಡಿ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಮೊದಲ ಸಲ ಪದಕದ ಆಟವಾಯಿತು. ನೈಸ್ಮಿತ್ ಅವರೇ ಬಂದಿದ್ದರು, ಚೆಂಡು ಮೇಲಕ್ಕೆಸೆದು ಆಟ ಆರಂಭಿಸಿಕೊಟ್ಟರು. ಆ ಮೊದಲ ಪಂದ್ಯ ಎಸ್ಟೋನಿಯಾ ಮತ್ತು ಫ್ರಾನ್ಸ್ ನಡುವೆ, ಬಯಲಿನಲ್ಲಿ. ಎಸ್ಟೋನಿಯಾ 34-29ರಿಂದ ಗೆದ್ದಿತು. ಒಲಿಂಪಿಕ್ ಬ್ಯಾಸ್ಕೆಟ್‌ಬಾಲಿನ ಮೊತ್ತಮೊದಲ ಗೆಲುವು ಹತ್ತು ಹನ್ನೆರಡು ಲಕ್ಷ ಜನರಿದ್ದ ಆ ದೇಶದ್ದು. ಮುಂದಿನ ಸುತ್ತಿನಲ್ಲಿ ಅಮೆರಿಕದ ಎದುರು 52-28ರಿಂದ ಸೋತರು ಎಂಬುದನ್ನೂ ಹೇಳಿಬಿಡುತ್ತೇನೆ.

ನಾಲ್ಕು ವರ್ಷ ಕಳೆಯುವುದರೊಳಗೆ ಆ ದೇಶವೇ ಭೂಪಟದಿಂದ ಅಳಿಸಿಹೋಯಿತು. 1940ರಲ್ಲಿ ಸೋವಿಯತ್ ಸೇನೆ ಬಂತು, 1941ರಲ್ಲಿ ಜರ್ಮನ್ ಸೇನೆ, 1944ರಲ್ಲಿ ಮತ್ತೆ ಸೋವಿಯತ್. ಆಮೇಲೆ 1991ರವರೆಗೆ ಎಸ್ಟೋನಿಯಾ ಸೋವಿಯತ್ ಒಕ್ಕೂಟದ ಒಂದು ಗಣರಾಜ್ಯ. ಯುದ್ಧದ ಬಾಂಬುಗಳಿಗೆ ತಾರ್ತುವಿನ ಹಳೆಯ ಊರಿನ ದೊಡ್ಡ ಭಾಗ ಕುಸಿದಿತ್ತು. ಆರು ಕಂಬಗಳ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡ ಉಳಿಯಿತು.

ಆ ಹಾಳಾದ ಊರಿನಲ್ಲಿ ವಿಶ್ವವಿದ್ಯಾಲಯದ ಕ್ರೀಡಾ ಕ್ಲಬ್ ಚೆಂಡು ಹಿಡಿದು ಮತ್ತೆ ಎದ್ದಿತು. ಯುಲಿಕೋಲಿ ಸ್ಪೊರ್ದಿಕ್ಲುಬಿ, ಚಿಕ್ಕದಾಗಿ ಯುಎಸ್‌ಕೆ. ಈ ಯುಎಸ್‌ಕೆ ತಾರ್ತು ತಂಡ 1949ರಲ್ಲಿ ಸೋವಿಯತ್ ಒಕ್ಕೂಟದ ಚಾಂಪಿಯನ್ ಆಯಿತು. ಇದರ ತೂಕ ಗೊತ್ತಾಗಬೇಕಾದರೆ ಎದುರಿಗೆ ಇದ್ದವರು ಯಾರು ಎಂದು ನೋಡಬೇಕು. ಮಾಸ್ಕೋದ ಸೇನಾ ತಂಡ ಒಂದು ಕಡೆ. ದೇಶದ ಯಾವ ಮೂಲೆಯಲ್ಲಿ ಒಳ್ಳೆಯ ಆಟಗಾರ ಕಂಡರೂ ಸೈನ್ಯದ ಕಡ್ಡಾಯ ಸೇವೆಗೆ ಕರೆಸಿ ತನ್ನ ಜೆರ್ಸಿ ತೊಡಿಸಬಲ್ಲ ತಂಡ ಅದು. ಪೋಲೀಸು ಮತ್ತು ಗುಪ್ತಚರ ಇಲಾಖೆಯ ಆಸರೆಯಲ್ಲಿದ್ದ ದಿನಾಮೊ ತಂಡಗಳು ಇನ್ನೊಂದು ಕಡೆ. ಅವುಗಳ ನಡುವೆ ಒಂದು ಸಣ್ಣ ಊರಿನ ವಿಶ್ವವಿದ್ಯಾಲಯದ ತಂಡ ಮೊದಲು ನಿಂತಿತು.

ಆ ವರ್ಷವನ್ನು ಎಸ್ಟೋನಿಯಾದವರು ಬೇರೆ ಕಾರಣಕ್ಕೆ ನೆನೆಯುತ್ತಾರೆ. 1949ರ ಮಾರ್ಚ್ 25ರಂದು ಶುರುವಾದ ಗಡೀಪಾರಿನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನು ಸರಕು ಸಾಗಿಸುವ ರೈಲು ಡಬ್ಬಿಗಳಲ್ಲಿ ತುಂಬಿ ಸೈಬೀರಿಯಾಕ್ಕೆ ಕಳಿಸಿದರು. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಹಳ್ಳಿ ಹಳ್ಳಿಗಳಲ್ಲಿ ಮನೆಗಳು ಖಾಲಿಯಾದವು. ಅದೇ ವರ್ಷದ ಬ್ಯಾಸ್ಕೆಟ್‌ಬಾಲ್ ಪ್ರಶಸ್ತಿ ಆ ನೋವಿಗೆ ಮದ್ದು ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳುವುದು ನೊಂದವರಿಗೆ ಮಾಡುವ ಅವಮಾನ. ಎರಡೂ ಒಂದೇ ವರ್ಷ, ಒಂದೇ ಜನಕ್ಕೆ ಆದದ್ದು ಎಂಬುದನ್ನು ಮಾತ್ರ ಪಕ್ಕಪಕ್ಕದಲ್ಲಿ ಇಡುತ್ತೇನೆ.

ಆ ತಂಡದ ದೊಡ್ಡ ಹೆಸರು ಇಲ್ಮಾರ್ ಕುಲ್ಲಮ್. ತಾರ್ತುವಿನಲ್ಲೇ 1922ರಲ್ಲಿ ಹುಟ್ಟಿದವರು, 2011ರಲ್ಲಿ ತೀರಿಕೊಂಡರು. 1947, 1951, 1953ರಲ್ಲಿ ಯುರೋಪಿನ ಚಾಂಪಿಯನ್ ಆದ ಸೋವಿಯತ್ ತಂಡದಲ್ಲಿ ಆಡಿದರು. 1952ರಲ್ಲಿ ಸೋವಿಯತ್ ಒಕ್ಕೂಟ ಮೊದಲ ಬಾರಿಗೆ ಒಲಿಂಪಿಕ್ಸ್‌ಗೆ ಬಂತು, ಹೆಲ್ಸಿಂಕಿಯಲ್ಲಿ. ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಮೂವರು ಎಸ್ಟೋನಿಯನ್ನರು: ಕುಲ್ಲಮ್, ಹೈನೊ ಕ್ರೂಸ್, ಯೋಆನ್ ಲೊಸೊವ್. ಎಸ್ಟೋನಿಯಾದ ರಾಜಧಾನಿ ಟಾಲಿನ್ ಮತ್ತು ಹೆಲ್ಸಿಂಕಿಯ ನಡುವೆ ಇರುವುದು ಸುಮಾರು 80 ಕಿಲೋಮೀಟರ್ ಕಡಲು, ಅಷ್ಟೆ. ಆ ಕಡಲನ್ನು ದಾಟಲು ಅವರ ದೇಶದ ಬೇರೆ ಯಾರಿಗೂ ಸುಲಭಕ್ಕೆ ಅನುಮತಿ ಸಿಗುತ್ತಿರಲಿಲ್ಲ. ಈ ಮೂವರು ದಾಟಿದರು, ಬೇರೆಯವರ ಬಾವುಟದ ಕೆಳಗೆ. ಫೈನಲ್‌ನಲ್ಲಿ ಅಮೆರಿಕ 36-25ರಿಂದ ಗೆದ್ದಿತು, ಇವರಿಗೆ ಬೆಳ್ಳಿ. 36-25 ಎಂದರೆ ಇಂದಿನ ಒಂದು ಕ್ವಾರ್ಟರಿನ ಸ್ಕೋರು. ದಾಳಿಗೆ 24 ಸೆಕೆಂಡಿನ ಮಿತಿ ಇನ್ನೂ ಬಂದಿರಲಿಲ್ಲ. ಚೆಂಡನ್ನು ಕೈಯಿಂದ ಕೈಗೆ ದಾಟಿಸುತ್ತಾ ಎದುರಾಳಿ ಬೇಸತ್ತು ತಪ್ಪು ಮಾಡುವವರೆಗೆ ಕಾಯಬಹುದಿತ್ತು.

ಆಗ ಈ ಆಟಗಾರರು ವೃತ್ತಿಪರರೇ? ಕಾಗದದ ಮೇಲೆ ಸೋವಿಯತ್ ಒಕ್ಕೂಟದಲ್ಲಿ ಒಬ್ಬನೂ ವೃತ್ತಿಪರ ಆಟಗಾರ ಇರಲಿಲ್ಲ. ಒಬ್ಬ ವಿದ್ಯಾರ್ಥಿ, ಒಬ್ಬ ಸೈನಿಕ, ಇನ್ನೊಬ್ಬ ಕಾರ್ಖಾನೆಯ ನೌಕರ. ಇದು ನಮಗೆ ಹೊಸದೇನಲ್ಲ. ನಮ್ಮಲ್ಲಿ ಡಿಗ್ರಿ ಮುಗಿಸಿದ ಒಳ್ಳೆಯ ಆಟಗಾರ ಎಲ್ಲಿಗೆ ಹೋಗುತ್ತಾನೆ? ರೈಲ್ವೆಗೆ, ಪೊಲೀಸ್ ಇಲಾಖೆಗೆ, ಬ್ಯಾಂಕಿಗೆ. ಕ್ರೀಡಾ ಕೋಟಾದಲ್ಲಿ ಗುಮಾಸ್ತ ಎಂದು ನೇಮಕ, ಸಂಜೆ ಅಂಕಣದಲ್ಲಿ ಅಭ್ಯಾಸ. ಬೆಂಗಳೂರಿನಲ್ಲಿ ವಿಜಯಾ ಬ್ಯಾಂಕಿನ ಬ್ಯಾಸ್ಕೆಟ್‌ಬಾಲ್ ತಂಡ ಹೇಗೆ ಹೆಸರು ಮಾಡಿತ್ತು ಎಂದು ನನ್ನ ವಯಸ್ಸಿನವರಿಗೆಲ್ಲ ನೆನಪಿದೆ. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ಆ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಈ ನೌಕರಿಗಳಿಂದ ಎಷ್ಟೋ ಮನೆಗಳು ನಿಂತಿವೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಒಂದು ಮಾತು ಗಮನಿಸಿ. ಆಟಗಾರ ಉಳಿದ, ವಿಶ್ವವಿದ್ಯಾಲಯದ ಹೆಸರು ಬಿಟ್ಟುಹೋಯಿತು. ಆತ ಆಡುವಾಗ ಅವನ ಕಾಲೇಜಿನವರು ಯಾರೂ ಗ್ಯಾಲರಿಯಲ್ಲಿ ಇರುವುದಿಲ್ಲ.

ತಾರ್ತುವಿನಲ್ಲಿ ಈ ಕೊಂಡಿ ಕಳಚಲಿಲ್ಲ. ಸ್ವಾತಂತ್ರ್ಯ ಮರಳಿದ ಮೇಲೆ ಅಲ್ಲಿ ವೃತ್ತಿಪರ ಲೀಗ್ ಬಂತು, ದುಡ್ಡಿನ ಲೆಕ್ಕ ಬಂತು, ಪ್ರಾಯೋಜಕರು ಬಂದರು. ವಿಶ್ವವಿದ್ಯಾಲಯದ ತಂಡ ಆ ಬದಲಾವಣೆಯ ಹೊರಗೆ ಉಳಿಯದೆ ಅದರೊಳಗೇ ಹೋಯಿತು. 2000ರಿಂದ 2015ರವರೆಗಿನ ಅವಧಿಯಲ್ಲಿ ಹಲವು ಸಲ ದೇಶದ ಚಾಂಪಿಯನ್ ಆಯಿತು. ಮಿಕ್ಕ ವರ್ಷಗಳಲ್ಲಿ ಹೆಚ್ಚಾಗಿ ಗೆದ್ದದ್ದು ಟಾಲಿನ್‌ನ ಕಾಲೆವ್. ಜನಪದ ವೀರನ ಹೆಸರು ಇಟ್ಟುಕೊಂಡ ರಾಜಧಾನಿಯ ತಂಡ, 1991ರಲ್ಲಿ ಕೊನೆಯ ಸೋವಿಯತ್ ಚಾಂಪಿಯನ್ ಆದದ್ದೂ ಅದೇ ಹೆಸರಿನ ತಂಡ. ಧಾರವಾಡದವರಿಗೆ, ಮೈಸೂರಿನವರಿಗೆ ರಾಜಧಾನಿಯ ತಂಡವನ್ನು ಸೋಲಿಸುವುದು ಎಂದರೆ ಏನು ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

2008ರಲ್ಲಿ ಇನ್ನೊಂದು ಎತ್ತರ ಮುಟ್ಟಿದರು. ಯುರೋಪಿನ ಫಿಬಾ ಯುರೋಕಪ್‌ನ ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಗಿ ಸೈಪ್ರಸ್‌ನ ಲಿಮಸೋಲ್‌ಗೆ ಹೋದರು. ಪ್ರಶಸ್ತಿ ಲಾಟ್ವಿಯಾದ ಬ್ಯಾರನ್ಸ್ ತಂಡಕ್ಕೆ ಹೋಯಿತು. ಒಂದು ಲಕ್ಷವೂ ಇಲ್ಲದ ಊರಿನ ತಂಡ ಅಷ್ಟು ದೂರ ನಡೆದದ್ದು ನನಗೆ ಈಗಲೂ ಬೆರಗು. 2018ರಿಂದ ಎಸ್ಟೋನಿಯಾ ಮತ್ತು ಲಾಟ್ವಿಯಾ ಸೇರಿ ಒಂದೇ ಲೀಗ್ ನಡೆಸುತ್ತಿವೆ. ಎರಡೂ ಸಣ್ಣ ದೇಶಗಳು, ಬೇರೆ ಬೇರೆ ನಡೆಸಿದರೆ ಒಂದೇ ಎದುರಾಳಿಯನ್ನು ಮತ್ತೆ ಮತ್ತೆ ಆಡಬೇಕು. ಭಾಷೆ ಬೇರೆ, ಚರಿತ್ರೆಯಲ್ಲಿ ಜಗಳವೂ ಉಂಟು, ಆದರೂ ಲೆಕ್ಕ ಹಾಕಿ ಕೈಜೋಡಿಸಿದರು.

ನಾನು ತಾರ್ತುವಿಗೆ ಹೋದದ್ದು ಒಂದು ಜನವರಿಯಲ್ಲಿ. ನನ್ನ ಅಕ್ಕನ ಮಗಳು ಅಲ್ಲಿ ಎರಡು ವರ್ಷ ಓದಿದಳು. ‘ಚಿಕ್ಕಮ್ಮ, ನೀನು ಬಂದರೆ ಮ್ಯೂಸಿಯಂ ಆಮೇಲೆ, ಮೊದಲು ಮ್ಯಾಚಿಗೆ ಹೋಗೋಣ’ ಎಂದು ಫೋನಿನಲ್ಲೇ ಹೇಳಿದ್ದಳು. ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲೆ. ಹೊಳೆಯ ಆಚೆ ದಂಡೆಯಲ್ಲಿ ವಿಶ್ವವಿದ್ಯಾಲಯದ ಕ್ರೀಡಾ ಭವನ, ಹಿಮ ತುಳಿಯುತ್ತ ಸೇತುವೆ ದಾಟಿ ನಡೆದೇ ಹೋದೆವು. ಊರಿನ ಹಳೆಯ ಬಿಯರ್ ತಯಾರಕರಾದ ಎ. ಲೆ ಕಾಕ್ ಹೆಸರು ಭವನಕ್ಕೂ ಸೇರಿಕೊಂಡಿತ್ತು. ಒಳಗೆ ಸುಮಾರು 2,600 ಜನ ಕೂರಬಹುದು.

ಒಳಗೆ ಹೋದ ಕೂಡಲೇ ಎಲ್ಲರೂ ದಪ್ಪ ಕೋಟು ಕಳಚಿ ಕೊಟ್ಟು ಚೀಟಿ ಪಡೆಯುತ್ತಾರೆ. ಆ ಸಾಲಿನಲ್ಲಿ ಯಾರು ಯಾರಿದ್ದರು ಎಂದು ನಾನು ನೋಡುತ್ತ ನಿಂತೆ. ಬೆನ್ನಿಗೆ ಪುಸ್ತಕದ ಚೀಲ ಹಾಕಿದ ಹುಡುಗಿಯರು. ಅಜ್ಜನ ಕೈ ಹಿಡಿದ, ಮುಂದಿನ ಹಲ್ಲು ಬಿದ್ದ ಹುಡುಗ. ಕೆಲಸದ ಬಟ್ಟೆಯಲ್ಲೇ ಬಂದ ಇಬ್ಬರು ಗಂಡಸರು. ಒಬ್ಬ ಹೆಂಗಸು ಉತ್ತರಪತ್ರಿಕೆಯ ಕಟ್ಟನ್ನು ಕೋಟಿನ ಜೊತೆ ಕೊಡದೆ ಕಂಕುಳಲ್ಲಿ ಇಟ್ಟುಕೊಂಡಿದ್ದರು. ಅಧ್ಯಾಪಕಿ ಇರಬೇಕು. ಮಧ್ಯಂತರದಲ್ಲಿ ನೋಡಿದರೆ ನಿಜಕ್ಕೂ ಕೆಂಪು ಪೆನ್ನು ಹಿಡಿದು ತಿದ್ದುತ್ತಿದ್ದರು.

ಆಟ ಶುರುವಾಯಿತು. ಎದುರಾಳಿ ಲಾಟ್ವಿಯಾದ ತಂಡ, ಎತ್ತರದಲ್ಲೂ ಅನುಭವದಲ್ಲೂ ಮೇಲು. ನಾನು ಆಟಕ್ಕಿಂತ ಹೆಚ್ಚಾಗಿ ಬೆಂಚನ್ನು ನೋಡಿದೆ, ಇದು ಕೋಚ್‌ಗಳ ಚಟ. ಕೊನೆಯ ಎರಡು ಕುರ್ಚಿಗಳಲ್ಲಿ ತೀರಾ ಎಳೆಯ ಹುಡುಗರು. ಮೂರನೆಯ ಕ್ವಾರ್ಟರಿನಲ್ಲಿ ಅವರಲ್ಲೊಬ್ಬನನ್ನು ಒಳಗೆ ಬಿಟ್ಟರು. ಆಡಿದ್ದು ನಾಲ್ಕು ನಿಮಿಷವಿರಬೇಕು. ಒಂದು ಪಾಸ್ ತಪ್ಪಿಸಿದ. ಮರುಕ್ಷಣ ಹಿಂದಕ್ಕೆ ಓಡಿ, ಎದುರಾಳಿಯ ಲೇಅಪ್‌ಗೆ ಮುಂಚೆಯೇ ಎರಡೂ ಪಾದ ಊರಿ ಎದೆಕೊಟ್ಟು ನಿಂತು, ಬಿದ್ದು, ಚಾರ್ಜಿಂಗ್ ಫೌಲ್ ಗಳಿಸಿದ, ಅಂದರೆ ಢಿಕ್ಕಿ ಹೊಡೆದ ತಪ್ಪು ಎದುರಾಳಿಯ ಲೆಕ್ಕಕ್ಕೆ. ಇಡೀ ಭವನ ಎದ್ದು ನಿಂತಿತು. ಬುಟ್ಟಿಗೆ ಚೆಂಡು ಹಾಕಿದಾಗ ಯಾರಾದರೂ ಚಪ್ಪಾಳೆ ತಟ್ಟುತ್ತಾರೆ. ಚಾರ್ಜಿಂಗ್‌ಗೆ ಎದ್ದು ನಿಲ್ಲುವ ಜನ ಆಟ ಬಲ್ಲವರು.

ಹೆಸರಿನ ವಿಷಯ ಹೇಳಲೇಬೇಕು. ಈ ತಂಡದ ಹೆಸರಿನ ಹಿಂದೆ ಮುಂದೆ ಕಾಲಕ್ಕೊಂದು ಬಾಲ ಸೇರಿದೆ. ಬಹಳ ವರ್ಷ ‘ರಾಕ್’ ಎಂಬುದು ಸೇರಿತ್ತು, ಒಂದಷ್ಟು ಕಾಲ ವಿಶ್ವವಿದ್ಯಾಲಯವೇ ಮರೆಯಾಗಿ ತಾರ್ತು ರಾಕ್ ಎಂದೇ ಕರೆದರು. ಈಚಿನ ವರ್ಷಗಳಲ್ಲಿ ತಾರ್ತು ಯುಲಿಕೋಲ್ ಮಾಕ್ಸ್ ಆಂಡ್ ಮೋರಿಟ್ಸ್. ಅದು ಮಾಂಸದ ತಿನಿಸುಗಳ ಬ್ರ್ಯಾಂಡ್. ವಿಶ್ವವಿದ್ಯಾಲಯದ ಹೆಸರಿನ ಪಕ್ಕ ಸಾಸೇಜಿನ ಹೆಸರೇ ಎಂದು ನಿಮ್ಮಲ್ಲಿ ಕೆಲವರು ಹುಬ್ಬೇರಿಸಿದ್ದು ಕಂಡೆ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ವೃತ್ತಿಪರ ತಂಡವೆಂದರೆ ಹನ್ನೆರಡು ಜನರ ಸಂಬಳ, ಕೋಚ್‌ಗಳು, ಫಿಸಿಯೋ, ಪ್ರಯಾಣ, ಭವನವನ್ನು ಚಳಿಗಾಲವಿಡೀ ಬೆಚ್ಚಗಿಡುವ ಖರ್ಚು. ಇದನ್ನೆಲ್ಲ ವಿದ್ಯಾರ್ಥಿಗಳ ಶುಲ್ಕದಿಂದ ತೆಗೆಯುವುದು ಅನ್ಯಾಯ. ಊರಿನ ಅಂಗಡಿಯಲ್ಲಿ ಸಿಗುವ ಒಂದು ತಿನಿಸಿನ ಕಂಪನಿ ಊರಿನ ತಂಡಕ್ಕೆ ದುಡ್ಡು ಕೊಟ್ಟರೆ ಅದರಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ತಾರ್ತು ಒಂದೇ ಅಲ್ಲ. ರುಮೇನಿಯಾದ ಕ್ಲೂಜ್ ಊರಿನಲ್ಲಿ ‘ಯು’ ಎಂಬ ಒಂದೇ ಅಕ್ಷರ ಸಾಕು, ಜನರಿಗೆ ಅದು ವಿಶ್ವವಿದ್ಯಾಲಯದ ಕ್ಲಬ್ ಎಂದು ಗೊತ್ತು. 1919ರಲ್ಲಿ ಫುಟ್‌ಬಾಲ್ ಆಗಿ ಶುರುವಾದ ಕ್ಲಬ್ ಅದು, ಮೊದಲ ಅಧ್ಯಕ್ಷರು ಯೂಲಿಯು ಹತ್ಸಿಯೆಗಾನು ಎಂಬ ವೈದ್ಯರು. 1940ರಲ್ಲಿ ಆ ಪ್ರಾಂತ್ಯವನ್ನು ಹಂಗೇರಿಗೆ ಕೊಟ್ಟಾಗ ವಿಶ್ವವಿದ್ಯಾಲಯ ಗಂಟುಮೂಟೆ ಕಟ್ಟಿಕೊಂಡು ಸಿಬಿಯು ಎಂಬ ಊರಿಗೆ ಹೋಯಿತು, ಕ್ಲಬ್ಬೂ ಜೊತೆಗೇ ಹೋಯಿತು, ಯುದ್ಧ ಮುಗಿದ ಮೇಲೆ ಇಬ್ಬರೂ ಒಟ್ಟಿಗೇ ಮರಳಿದರು. ಇಂದು ಅದೇ ‘ಯು’ ಹೊತ್ತ ಬ್ಯಾಸ್ಕೆಟ್‌ಬಾಲ್ ತಂಡ ಊರಿನ ಬ್ಯಾಂಕೊಂದರ ಹೆಸರನ್ನೂ ಸೇರಿಸಿಕೊಂಡು 2021, 2022, 2023ರಲ್ಲಿ ಸಾಲಾಗಿ ದೇಶ ಗೆದ್ದಿತು.

ಹುಡುಗಿಯರಿಗೆ ಪ್ರಾಗ್ ನಗರದ ಯುಎಸ್‌ಕೆ ತಂಡದ ಬಗ್ಗೆ ಹೇಳದೆ ಹೋದರೆ ನನಗೆ ನಿದ್ದೆ ಬರುವುದಿಲ್ಲ. ಅಲ್ಲೂ ಆ ಮೂರಕ್ಷರದ ಅರ್ಥ ವಿಶ್ವವಿದ್ಯಾಲಯ ಕ್ರೀಡಾ ಕ್ಲಬ್ ಎಂದೇ. ಅವರ ಮಹಿಳಾ ತಂಡ 2015ರಲ್ಲಿ ಯುರೋಲೀಗ್, ಅಂದರೆ ಯುರೋಪಿನ ಕ್ಲಬ್ಬುಗಳ ಅತಿ ದೊಡ್ಡ ಪಂದ್ಯಾವಳಿ, ಗೆದ್ದಿತು. ಫೈನಲ್ ನಡೆದದ್ದು ಪ್ರಾಗ್‌ನಲ್ಲೇ, ಎದುರಿಗೆ ರಷ್ಯಾದ ಯೆಕಟೆರಿನ್‌ಬರ್ಗ್, ಯುರೋಪಿನಲ್ಲೇ ಅತಿ ಹೆಚ್ಚು ಹಣವಿದ್ದ ಮಹಿಳಾ ತಂಡಗಳಲ್ಲಿ ಒಂದು. 72-68. ಆ ಪಂದ್ಯದ ದೃಶ್ಯವನ್ನು ನಾನು ನನ್ನ ಕೊನೆಯ ಬ್ಯಾಚಿನ ಹುಡುಗಿಯರಿಗೆ ಎಷ್ಟು ಸಲ ತೋರಿಸಿದೆನೋ.

ಸ್ಪೇನ್‌ನ ಮುರ್ಸಿಯಾದ್ದು ಬೇರೆಯೇ ರೀತಿ. ಅಲ್ಲಿ ಕ್ಲಬ್ ಹಳೆಯದು, ವಿಶ್ವವಿದ್ಯಾಲಯವೇ ಹೊಸದು, 1996ರಲ್ಲಿ ಶುರುವಾದ ಖಾಸಗಿ ಕ್ಯಾಥೊಲಿಕ್ ವಿಶ್ವವಿದ್ಯಾಲಯ. ಕ್ಲಬ್ ಹಣಕ್ಕೆ ಪರದಾಡುತ್ತಿದ್ದಾಗ ಅದು ಕೈಹಿಡಿದು, ಆಮೇಲೆ ತಾನೇ ಒಡೆಯನಾಯಿತು. 2024ರಲ್ಲಿ ಆ ತಂಡ ಮೊದಲ ಬಾರಿಗೆ ಸ್ಪೇನ್ ಲೀಗಿನ ಫೈನಲ್ ತಲುಪಿ ರಿಯಲ್ ಮ್ಯಾಡ್ರಿಡ್ ಎದುರು ಸೋತಿತು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಪಿ.ವಿ. ಸಿಂಧು ಅವರನ್ನು ಫೈನಲ್‌ನಲ್ಲಿ ಸೋಲಿಸಿದ ಕರೋಲಿನಾ ಮರಿನ್ ನೆನಪಿದ್ದಾರಲ್ಲವೇ? ಅವರೂ ಇದೇ ವಿಶ್ವವಿದ್ಯಾಲಯದ ಬೆಂಬಲ ಪಡೆದವರು. ಇಲ್ಲಿ ವಿಶ್ವವಿದ್ಯಾಲಯ ಕ್ರೀಡೆಯಿಂದ ತನ್ನ ಹೆಸರು ಬೆಳೆಸಿಕೊಳ್ಳುತ್ತದೆ. ಅದೂ ಒಂದು ದಾರಿ, ಆದರೆ ನನ್ನ ಮನಸ್ಸು ತಾರ್ತುವಿನ ಕಡೆಗೇ ಎಳೆಯುತ್ತದೆ. ಮುರ್ಸಿಯಾದಲ್ಲಿ ಒಡೆತನ ಕೈಬದಲಾದರೆ ಜೆರ್ಸಿಯ ಮೇಲಿನ ಹೆಸರೂ ಬದಲಾಗುತ್ತದೆ.

ನಮ್ಮಲ್ಲಿ ಏನೂ ಇಲ್ಲ ಎಂದು ಅಳಲು ನಾನು ಬಂದಿಲ್ಲ. 2017ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆಯಿತು, ನಮ್ಮ ಹುಡುಗಿಯರು ಬಿ ವಿಭಾಗದ ಫೈನಲ್‌ನಲ್ಲಿ ಕಜಕಿಸ್ತಾನವನ್ನು 75-73ರಿಂದ ಸೋಲಿಸಿದರು. ಕಂಠೀರವ ಒಳಾಂಗಣದಲ್ಲಿ ಕೂಗಿ ಕೂಗಿ ನನಗೆ ಎರಡು ದಿನ ಗಂಟಲು ಏಳಲಿಲ್ಲ. 2022ರಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ಬೆಂಗಳೂರಿನಲ್ಲೇ ಆಯಿತು, ಆತಿಥೇಯ ಜೈನ್ ವಿಶ್ವವಿದ್ಯಾಲಯವೇ ಪದಕ ಪಟ್ಟಿಯ ಮೇಲಿತ್ತು. ಮಕ್ಕಳಲ್ಲಿ ಆಟವಿದೆ. ನಮಗಿಲ್ಲದಿರುವುದು ಇಪ್ಪತ್ತೆರಡನೆಯ ವಯಸ್ಸಿನಿಂದ ಮುಂದಿನ ಜಾಗ. ಬ್ಯಾಸ್ಕೆಟ್‌ಬಾಲಿನಲ್ಲಿ ತಂಡದ ಆಟ ನಡೆಸುವ ಒಬ್ಬ ಪಾಯಿಂಟ್ ಗಾರ್ಡ್ ಆಟವನ್ನು ಓದಲು ಕಲಿಯುವುದೇ ಇಪ್ಪತ್ತೈದರ ಹೊತ್ತಿಗೆ. ನಾವು ಅಷ್ಟರಲ್ಲಿ ಜೆರ್ಸಿ ಎಣಿಸಿ ಒಳಗಿಟ್ಟಿರುತ್ತೇವೆ.

ಸಂಬಳ ಕೊಡುವ ತಂಡವನ್ನು ನಾಳೆಯೇ ಕಟ್ಟಿ ಎಂದು ನಾನು ಯಾವ ಕುಲಪತಿಗೂ ಹೇಳುತ್ತಿಲ್ಲ. ಒಂದು ಸಣ್ಣ ಕೆಲಸ ಸಾಧ್ಯ. ಹಳೆಯ ವಿದ್ಯಾರ್ಥಿಗಳೂ ಈಗಿನ ವಿದ್ಯಾರ್ಥಿಗಳೂ ಸೇರಿದ ಒಂದು ಕ್ಲಬ್ಬನ್ನು ವಿಶ್ವವಿದ್ಯಾಲಯದ ಹೆಸರಿನಲ್ಲಿ ರಾಜ್ಯ ಸಂಸ್ಥೆಯಲ್ಲಿ ನೋಂದಾಯಿಸಿ, ಊರಿನ ಲೀಗಿನಲ್ಲಿ ಆಡಿಸಬಹುದು. ಅಂಕಣ ಇದೆ, ಕಂಬಗಳಿವೆ. ಸಂಜೆ ಆರಕ್ಕೆ ಆರಿಸುವ ದೀಪಗಳನ್ನು ಎಂಟರವರೆಗೆ ಉರಿಸಬೇಕು. ಬ್ಯಾಂಕಿನಿಂದ, ಠಾಣೆಯಿಂದ, ಶಾಲೆಯಿಂದ ಕೆಲಸ ಮುಗಿಸಿ ಬರುವವರಿಗೆ ಆ ಎರಡು ಗಂಟೆ ಬೇಕು. ಈ ಅರ್ಜಿಯನ್ನು ನಾನು ನಿವೃತ್ತಿಗೆ ಮುಂಚೆ ಮೂರು ಸಲ ಬರೆದೆ. ನಾಲ್ಕನೆಯದನ್ನು ನಿಮ್ಮಲ್ಲಿ ಯಾರಾದರೂ ಬರೆಯಿರಿ, ಒಕ್ಕಣೆ ನಾನು ಕೊಡುತ್ತೇನೆ.

ತಾರ್ತುವಿನ ಆ ಸಂಜೆಯ ಮಾತು ಸ್ವಲ್ಪ ಉಳಿದಿದೆ. ನನ್ನ ಪಕ್ಕದಲ್ಲಿ ಎಂಬತ್ತರ ಆಸುಪಾಸಿನ ಒಬ್ಬ ಹಿರಿಯರು ಕುಳಿತಿದ್ದರು. ಚೌಕುಳಿ ಪುಸ್ತಕದಲ್ಲಿ ಪೆನ್ಸಿಲ್ಲಿನಿಂದ ತಾವೇ ಸ್ಕೋರು ಬರೆದುಕೊಳ್ಳುತ್ತಿದ್ದರು. ಎದುರಿಗೆ ದೊಡ್ಡ ವಿದ್ಯುತ್ ಫಲಕವಿದ್ದರೂ ಪ್ರತಿ ಬುಟ್ಟಿಗೂ ಒಂದು ಗೀಟು, ಪ್ರತಿ ಫೌಲಿಗೂ ಒಂದು ಚುಕ್ಕೆ. ತಂಡ ಏಳೋ ಎಂಟೋ ಅಂಕಗಳಿಂದ ಸೋತಿತು. ನನ್ನ ಅಕ್ಕನ ಮಗಳ ಮೂಲಕ ಅವರನ್ನು ಮಾತನಾಡಿಸಿದೆ. ಇದೇ ವಿಶ್ವವಿದ್ಯಾಲಯದಲ್ಲಿ ಓದಿದವರಂತೆ, ಅಂದಿನಿಂದ ಪಂದ್ಯ ನೋಡುತ್ತಿದ್ದಾರಂತೆ. ಈ ತಂಡಕ್ಕೆ ಎಷ್ಟೊಂದು ಹೆಸರು ಬದಲಾಯಿತಲ್ಲ, ನೀವು ಏನೆಂದು ಕರೆಯುತ್ತೀರಿ ಎಂದು ಕೇಳಿಸಿದೆ. ಅವರು ಉತ್ತರ ಹೇಳುವ ಬದಲು ಪುಸ್ತಕದ ಮೊದಲ ಪುಟ ತಿರುಗಿಸಿ ತೋರಿಸಿದರು. ಆಮೇಲೆ ಹಿಂದಿನ ವರ್ಷದ್ದು, ಅದರ ಹಿಂದಿನ ವರ್ಷದ್ದು. ಎಡಗಡೆಯ ಕಾಲಂನ ತಲೆಯಲ್ಲಿ ಎಲ್ಲ ಪುಟಗಳಲ್ಲೂ ಒಂದೇ ಪದ ಬರೆದಿತ್ತು, ಯುಲಿಕೋಲ್. ನನ್ನ ಚೀಲದಿಂದ ಪೆನ್ನು ತೆಗೆದು, ನಮ್ಮ ಕನ್ನಡದಲ್ಲಿ ಅದನ್ನು ಹೀಗೆ ಬರೆಯುತ್ತೇವೆ ಎಂದು ಆ ಪುಟದ ಅಂಚಿನಲ್ಲಿ ಬರೆದು ತೋರಿಸಿದೆ. ಅವರು ಕನ್ನಡಕ ಮೇಲೆತ್ತಿ ಬಹಳ ಹೊತ್ತು ನೋಡಿದರು. ಎದ್ದು ಹೋಗುವಾಗ ಮುಂದಿನ ಪಂದ್ಯ ಶನಿವಾರ ಎಂದು ಹೇಳಿ ಹೋದರು.